ಗ್ರಹಣವೇ ಇಲ್ಲದ ವರ್ಷ

ಬಾಗಲೂರು
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ತಂಗಿ ಆಶಾ,

ನಿನ್ನ ಅಣ್ಣ ಮುನಿಯಲ್ಲಪ್ಪ ಬರೆಯುತ್ತಿದ್ದೇನೆ. ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡ, ಹರಿಯುವುದಾದರೆ ಕೊನೆಯವರೆಗೂ ಓದಿ ಹರಿ. ನಿನ್ನ ಆರೋಗ್ಯ ಹೇಗಿದೆ? ಗಾರ್ಮೆಂಟ್ಸಿನಲ್ಲಿ ದುಡಿದು ದುಡಿದು ನಿನ್ನ ಮಂಡಿ ಹೋಗಿದೆ, ಮೆಟ್ಟಿಲು ಹತ್ತುವಾಗ ಮಗಳು ದಿವ್ಯಳ ಭುಜ ಹಿಡಿದುಕೊಂಡಿದ್ದೆ ಎಂದು ಮುನಿಕೃಷ್ಣಮ್ಮಕ್ಕ ಹೇಳಿದಳು. ಹೋದ ತಿಂಗಳು ಗೊರಗುಂಟೆಪಾಳ್ಯದ ಛತ್ರದಲ್ಲಿ ನಿಮ್ಮಿಬ್ಬರನ್ನು ನೋಡಿ ಬಂದಾಗಿನಿಂದ ಅಕ್ಕನ ಬಾಯಲ್ಲಿ ಬೇರೆ ಮಾತೇ ಇಲ್ಲ. ವಿಳಾಸ ಕೊಟ್ಟವಳೂ ಅವಳೇ. ಮಂಡಿಗೆ ಬಿಸಿನೀರಿನ ಶಾಖ ಕೊಡುತ್ತಿರು, ನೆಲದ ಮೇಲೆ ಕೂರಬೇಡ. ಬಾಗಲೂರಿನಿಂದ ನಿಮ್ಮ ಬಾಗಲಗುಂಟೆಗೆ ಒಂದೂವರೆ ಗಂಟೆಯ ದಾರಿ. ಅಷ್ಟು ದೂರ ಬರಲು ನನಗೆ ಇಪ್ಪತ್ತೈದು ವರ್ಷ ಸಾಲಲಿಲ್ಲ. ಈಗಲೂ ಕಾಗದವನ್ನೇ ಕಳಿಸುತ್ತಿದ್ದೇನೆ.

ಅವ್ವ ಹೋಗಿ ಆರು ವರ್ಷವಾಯಿತು, ನಿನಗೆ ಗೊತ್ತಿರಬೇಕು. ರಾಗಿ ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳು. ನನ್ನ ಹಿರಿಮಗ ಮಹೇಂದ್ರನಿಗೆ ಅಕ್ಕನ ಮಗಳು ವನಿತಾಳನ್ನು ತಂದುಕೊಂಡೆವು. ಕಳೆದ ವರ್ಷ ಅಕ್ಟೋಬರಿನಲ್ಲಿ ಹೆಣ್ಣು ಮಗುವಾಯಿತು, ಜೀವಿತಾ ಅಂತ. ಯಾರು ಮಾತಾಡಿದರೂ ಅವರ ಬಾಯನ್ನೇ ನೋಡುತ್ತಾಳೆ, ಪಾಪಚ್ಚಿ. ಹುಟ್ಟಿದ ದಿನ ನರ್ಸು ಬಟ್ಟೆ ಸರಿಸಿ ತೋರಿಸಿದಾಗ ಎರಡು ಕೈಯಲ್ಲೂ ನಡುಬೆರಳು, ಉಂಗುರದ ಬೆರಳು ಉಗುರಿನವರೆಗೆ ಕೂಡಿಕೊಂಡಿದ್ದವು. ಪುಟ್ಟ ತಲೆ, ಅಗಲ ಮೂಗು. ಆ ಮುಖವನ್ನು ನಾನು ಮೊದಲೇ ನೋಡಿದ್ದೆ ಆಶಾ. ಎರಡು ಸಾವಿರದ ಇಸವಿಯಲ್ಲಿ, ನಿನ್ನ ಮಡಿಲಲ್ಲಿ. ಈಗ ಹದಿಮೂರು ತಿಂಗಳು, ಕತ್ತು ಇನ್ನೂ ನಿಂತಿಲ್ಲ. ಆಗಾಗ ಫಿಟ್ಸ್ ಬರುತ್ತದೆ. ಬೆರಳುಗಳನ್ನು ಇನ್ನೊಂದಾರು ತಿಂಗಳಲ್ಲಿ ಆಪರೇಷನ್ ಮಾಡಿ ಬಿಡಿಸಬಹುದಂತೆ. ಮೆದುಳಿಗೆ ಮಾತ್ರ ಏನೂ ಮಾಡಲಾಗುವುದಿಲ್ಲ ಎಂದಿದ್ದಾರೆ.

ಮನೆಗೆ ಕರೆತಂದ ವಾರವೇ ಅಕ್ಕ ಬಾಣಂತಿ ಕೋಣೆಗೆ ಹೋಗಿ, "ಗ್ರಹಣದಾಗೆ ಏನಾನ ಕುಯ್ದ್ಯಾ? ನಿಜ ಏಳು" ಎಂದು ಹೆತ್ತ ಮಗಳನ್ನೇ ಕೇಳಿದಳು. ವನಿತಾ ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕಿತ್ತು ಅವಳ ಮುಂದಿಟ್ಟಳು. "ಯಾವ ಗ್ರಹಣ ಅಮ್ಮ? ನಾನು ಬಸುರಿ ಇದ್ದ ಒಂಬತ್ತು ತಿಂಗಳಲ್ಲಿ ನಮ್ಮೂರಿಗೆ ಕಾಣೋ ಗ್ರಹಣ ಒಂದಾದ್ರೂ ಇದ್ರೆ ತೋರ್ಸು" ಎಂದಳು. ಅಕ್ಕ ಸ್ವಲ್ಪ ಹೊತ್ತು ಹಾಳೆ ಮಗುಚಿ ನೋಡಿ, "ಅಂಗಾದ್ರೆ ಇನ್ನೇನೋ ಮಾಡಿದ್ದೀಯ ಬಿಡು" ಎಂದಳು. ಬಾಗಿಲಲ್ಲಿ ನಿಂತಿದ್ದ ನಾನು ಅಲ್ಲೇ ಹೊಸ್ತಿಲ ಪಕ್ಕ ಕೂತೆ.

ಹೆಬ್ಬಾಳದ ಆಚೆ ಒಂದು ಆಸ್ಪತ್ರೆಯಲ್ಲಿ ವಂಶದಲ್ಲಿ ಬರುವ ಕಾಯಿಲೆಗಳನ್ನೇ ನೋಡುವ ಡಾಕ್ಟರಮ್ಮ ಇದ್ದಾರೆ. ಇದಕ್ಕೊಂದು ಉದ್ದದ ಇಂಗ್ಲಿಷ್ ಹೆಸರಿದೆ, ನನ್ನ ನಾಲಿಗೆಗೆ ಬರುವುದಿಲ್ಲ. ಬಹಳ ಅಪರೂಪದ್ದಂತೆ. ಅವರು ಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆದು ಗೆರೆ ಎಳೆಯುತ್ತಾ, "ಮನೆತನದಲ್ಲಿ ಇಂಥ ಮಗು ಇನ್ನೊಂದು ಹುಟ್ಟಿತ್ತಾ?" ಎಂದು ಕೇಳಿದರು. ಅಕ್ಕ ನನ್ನ ಮುಖ ನೋಡಿದಳು. ನಾನು "ಇಲ್ಲ ಮೇಡಂ" ಎಂದೆ. ಅಲ್ಲಿಯೂ ಸುಳ್ಳನ್ನೇ ಹೇಳಿದೆ. ಮೂರು ತಿಂಗಳಾದ ಮೇಲೆ ರಕ್ತದ ವರದಿ ಬಂತು. ಆ ದಿನ ಅಕ್ಕ ಬಂದಿರಲಿಲ್ಲ. ಮಹೇಂದ್ರ, ವನಿತಾ ಇಬ್ಬರಲ್ಲೂ ಒಂದೇ ದೋಷ. ಒಬ್ಬರಲ್ಲಿ ಮಾತ್ರ ಇದ್ದರೆ ಏನೂ ತೋರುವುದಿಲ್ಲವಂತೆ. ಅಪ್ಪ ಅಮ್ಮ ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಭಯವಂತೆ. "ತಾಯಿ ಏನೋ ತಿಂದಿದ್ದಕ್ಕೆ, ಏನೋ ಮಾಡಿದ್ದಕ್ಕೆ ಬರೋದಲ್ಲಮ್ಮ ಇದು" ಎಂದು ಡಾಕ್ಟರಮ್ಮ ವನಿತಾಳ ಕೈ ಹಿಡಿದು ಹೇಳಿದಾಗ ಆ ಹುಡುಗಿ ಗೊಳೋ ಎಂದು ಅತ್ತಳು. ನನಗೆ ತಡೆಯಲಾಗಲಿಲ್ಲ. "ಇನ್ನೊಂದು ಮಗು ಇತ್ತು ಮೇಡಂ. ನನ್ನ ತಂಗೀದು. ಅವಳ್ನ ನಮ್ಮವ್ವನ ತಮ್ಮನಿಗೇ ಕೊಟ್ಟಿದ್ವಿ" ಎಂದೆ. ಅವರು ನಿನಗೊಂದು ಸೊನ್ನೆ, ಬ್ಯಾಟರಾಯಪ್ಪ ಮಾವನಿಗೊಂದು ಚೌಕ ಬರೆದು ಕೆಳಗೆ ಇನ್ನೊಂದು ಪುಟ್ಟ ಚೌಕ ಬರೆದರು. "ಹೆಸರು?" ಎಂದರು. "ನಾಮಕರಣ ಮಾಡ್ಲಿಲ್ಲ ಮೇಡಂ" ಎಂದೆ. ಆ ಚೌಕದ ಮೇಲೆ ಅಡ್ಡಗೆರೆ ಎಳೆದರು, ತೀರಿಹೋದವರಿಗೆ ಹಾಗೆ ಎಳೆಯುತ್ತಾರಂತೆ. ನೀನು ಅವನನ್ನು ಏನೋ ಒಂದು ಹೆಸರಿನಿಂದ ಕರೆಯುತ್ತಿದ್ದೆ. ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ತೊಂಬತ್ತೊಂಬತ್ತರ ಭೀಮನ ಅಮಾವಾಸ್ಯೆಯ ಸಂಜೆ ಗ್ರಹಣ ಹಿಡಿದಿತ್ತು. ನೀನು ಮೂರು ತಿಂಗಳ ಬಸುರಿ, ನಮ್ಮ ಮನೆಯಲ್ಲೇ ಇದ್ದೆ. ಮಗು ಹುಟ್ಟಿದ ಮೇಲೆ ಮಾವ ಎಲ್ಲರನ್ನೂ ಕೂರಿಸಿಕೊಂಡು "ಇದು ಯಾರ ಕಡೆ ದೋಷ?" ಎಂದಾಗ, "ಗ್ರಹಣದ ಹೊತ್ನಲ್ಲಿ ಆಶಾ ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ತಿದ್ಲು, ನಾನೇ ನೋಡ್ದೆ" ಎಂದವನು ನಾನು. "ಇಲ್ಲಣ್ಣ, ನಾನು ಕೋಣೇಲಿ ಬಾಗಿಲು ಹಾಕ್ಕೊಂಡು ಮಲಗಿದ್ದೆ" ಎಂದು ನೀನು ಎಷ್ಟು ಸಲ ಹೇಳಿದೆ. ನಾನು ಏನೂ ನೋಡಿರಲಿಲ್ಲ. ಆ ಸಂಜೆ ನಾನು ಮನೆಯಲ್ಲೇ ಇರಲಿಲ್ಲ, ಯಶವಂತಪುರದ ಯಾರ್ಡಿನಲ್ಲಿ ಆಲೂಗಡ್ಡೆ ಮೂಟೆ ಇಳಿಸುತ್ತಿದ್ದೆ. ಮುಚ್ಚಿದ ಕೋಣೆಯಲ್ಲಿದ್ದ ನಿನಗೆ ಅದು ತಿಳಿಯುವಂತಿರಲಿಲ್ಲ. ಅವ್ವನಿಗೆ ತಿಳಿದಿತ್ತು. ಅವಳು ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಮಗುವಿನ ವಿಚಾರ ನಡೆದ ಆ ದಿನ ನಿನ್ನತ್ತಿಗೆ ಐದು ತಿಂಗಳ ಬಸುರಿ, ಹೊಟ್ಟೆಯಲ್ಲಿ ಮಹೇಂದ್ರ. ದೋಷ ನಮ್ಮ ರಕ್ತದ್ದು ಎಂಬ ಮಾತು ಎದ್ದರೆ ನಾಳೆ ನನ್ನ ಮಗುವಿನ ಮೇಲೂ ಬರುತ್ತದೆ ಎಂದು ಹೆದರಿ ಎಲ್ಲವನ್ನೂ ನಿನ್ನ ಮೇಲೆ ಹಾಕಿದೆ. ಮಾವ ನಿನ್ನನ್ನು ಬಿಟ್ಟ. ಅವ್ವ ನಿನಗೆ ಒಲೆ ಮುಟ್ಟಲು ಬಿಡಲಿಲ್ಲ. ಒಂದು ಬೆಳಿಗ್ಗೆ ನೀನು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಾಗ ನಾನು ಹಿತ್ತಲಲ್ಲಿ ಹಸುವಿಗೆ ಹುಲ್ಲು ಹಾಕುತ್ತಾ ನಿಂತಿದ್ದೆ. ಎರಡು ವರ್ಷವಾದ ಮೇಲೆ ನಿನ್ನ ಪಕ್ಕದ ಮನೆಯ ಮೆಹಬೂಬ್ ಬೀ ಎಂಬುವರು ನಾನು ಕೆಲಸಕ್ಕಿದ್ದ ಯಾರ್ಡಿನ ಅಂಗಡಿಗೆ ಫೋನ್ ಮಾಡಿ, "ಮಗು ಹೋಗ್ಬಿಡ್ತು, ಯಾರಾದ್ರೂ ಬನ್ನಿ" ಎಂದರು. ಫೋನ್ ಎತ್ತಿದವನು ನಾನೇ. ಹೋಗಲೂ ಇಲ್ಲ, ಮನೆಯಲ್ಲಿ ಹೇಳಲೂ ಇಲ್ಲ.

ಇದನ್ನೆಲ್ಲ ಆಸ್ಪತ್ರೆಯ ಅಂಗಳದಲ್ಲೇ ಮಹೇಂದ್ರನಿಗೂ ವನಿತಾಳಿಗೂ ಹೇಳಿದೆ. ಅಂದಿನಿಂದ ವನಿತಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಾಫಿ ತಂದು ಇಟ್ಟು ಹೋಗುತ್ತಾಳೆ. ಅವಳದು ತಪ್ಪು ಎನ್ನಲಾರೆ. ಅಕ್ಕನಿಗೂ ನಿನ್ನತ್ತಿಗೆಗೂ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ, ಕೇಳಿದರೆ ಅದೂ ನಿನ್ನ ಮೇಲೆ ಇನ್ನೊಂದು ಭಾರ.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ. ಆ ದಿನಗಳಲ್ಲಿ ನಿನ್ನ ಕೈ ಹಿಡಿದವರು ಅವರು. ದಿವ್ಯಳಿಗೆ ಈ ಸೋದರಮಾವನ ಆಶೀರ್ವಾದ, ಅವಳು ಬೇಡವೆಂದರೆ ಬೇಡ. ಮೆಹಬೂಬ್ ಬೀ ಇದ್ದರೆ ಅವರಿಗೆ ಕೈ ಮುಗಿದೆನೆಂದು ಹೇಳು.

ನಿನ್ನ ಅಣ್ಣ,
ಮುನಿಯಲ್ಲಪ್ಪ

ವಿ.ಸೂ: ಮುಖ್ಯವಾದದ್ದನ್ನು ಬರೆಯಲು ಕೈ ಬಾರದೆ ಇಲ್ಲಿಯವರೆಗೆ ತಂದೆ. ಬರುವ ಶುಕ್ರವಾರ ಅಕ್ಕ, ನಿನ್ನತ್ತಿಗೆ ಮುನಿವೆಂಕಟಮ್ಮ ಇಬ್ಬರೂ ಹೂವು ಹಣ್ಣು ಹಿಡಿದು ನಿಮ್ಮ ಮನೆಗೆ ಬರುತ್ತಾರೆ, ನನ್ನ ಎರಡನೇ ಮಗ ಬಾಲರಾಜನಿಗೆ ದಿವ್ಯಳನ್ನು ಕೇಳಲು. ಬಿಟ್ಟುಹೋದ ಸಂಬಂಧ ಕೂಡಿಕೊಳ್ಳುತ್ತದೆ ಎಂದು ಅವರಿಗೆ ಸಂತೋಷ. ಡಾಕ್ಟರ್ ಮಾತು ಅವರ ಕಿವಿಗೆ ಹೋಗುತ್ತಿಲ್ಲ. ಇಷ್ಟು ವರ್ಷದ ಮೇಲೆ ತವರಿನವರು ಬಾಗಿಲಿಗೆ ಬಂದರೆ ನಿನ್ನ ಮನಸ್ಸು ಕರಗೀತು ಎಂಬುದೇ ನನ್ನ ಭಯ. ಒಪ್ಪಬೇಡ. ಬಾಲರಾಜನ ವರದಿ ಮೊನ್ನೆ ಬಂತು, ಅವನಲ್ಲೂ ಇದೆ. ನಿನ್ನಲ್ಲಂತೂ ಇದ್ದೇ ಇರಬೇಕು. ದಿವ್ಯಳಿಗೆ ಬಂದಿದೆಯೋ ಇಲ್ಲವೋ ಪರೀಕ್ಷೆ ಮಾಡಿಸಿದರೆ ಮಾತ್ರ ತಿಳಿಯುತ್ತದೆ. ಡಾಕ್ಟರಮ್ಮನ ನಂಬರ್ ಹಿಂಬದಿಯಲ್ಲಿದೆ. ಶುಕ್ರವಾರ ಅವರು ಹಟ ಹಿಡಿದು, ಆಗ ತಪ್ಪು ಮಾಡಿದವಳು ನೀನು ಎಂದು ಮತ್ತೆ ಬಾಯಿ ತೆಗೆದರೆ, ಇಬ್ಬರನ್ನೂ ಕೂರಿಸಿ ಈ ಕಾಗದವನ್ನು ದಿವ್ಯಳ ಕೈಲಿ ಗಟ್ಟಿಯಾಗಿ ಓದಿಸು. ಒಂದು ಸಾಲೂ ಬಿಡದೆ ಓದಲಿ.