ಹದಿನೆಂಟು ಇಂಚಿನ ಕುರ್ಚಿ

ಸ್ಕೂಟರ್ ಶೆಡ್ಡು,
ಮಂಗಳವಾರ, ಸಂಜೆ ಐದೂವರೆ

ಪ್ರೀತಿಯ ಅಕ್ಕಾ,

ಕುರ್ಚಿಯ ವಿಷಯವನ್ನೇ ನಿನ್ನೆ ಹೇಳುತ್ತಿದ್ದೆ, ಅಷ್ಟರಲ್ಲಿ ನೀನು ಫೋನು ಇಟ್ಟುಬಿಟ್ಟೆ. ಫೋನಿನಲ್ಲಿ ನನಗೆ ಮಾತಾಡಲು ಬಿಟ್ಟವಳೇ ಅಲ್ಲ, ಅದಕ್ಕೇ ಕಾಗದ. ಮಂಡಿ ಹೇಗಿದೆ? ಊತ ಇಳಿಯಿತೆ? ವಾಕರ್ ಇಲ್ಲದೆ ಬಾಲ್ಕನಿಯವರೆಗೆ ನಡೆದೆ ಎಂದು ನೀನು ಹೇಳಿದೆ, ವಾಕರ್ ಹಿಡಿದೇ ನಡೆದರು ಎಂದು ನಿನ್ನ ಸೊಸೆ ಹೇಳಿದಳು. ನಾನು ಸೊಸೆಯನ್ನು ನಂಬಿದ್ದೇನೆ.

ಆಪರೇಷನ್ ಆದಾಗಿನಿಂದ ನಮ್ಮ ಮನೆಗೆ ಬಾ ಎಂದು ಕರೆಯುತ್ತಲೇ ಇದ್ದೇನೆ. ನೀನು ಹೇಳಿದ್ದು ನೆನಪಿದೆಯಲ್ಲ? "ನಿನ್ನ ಸೋಫಾದಲ್ಲಿ ಕೂತ್ರೆ ನನ್ನ ಎಬ್ಬಿಸೋಕೆ ಕ್ರೇನ್ ತರಿಸ್ಬೇಕು ಕಣೋ. ಡಾಕ್ಟ್ರು ಹದಿನೆಂಟಿಂಚು ಎತ್ತರದ ಕುರ್ಚಿ ಅಂದಿದಾರೆ. ಅದು ಇದ್ದ ದಿನ ಬರ್ತೀನಿ." ಸರಿ, ನಾನೇ ಮಾಡುತ್ತೇನೆ ಎಂದೆ. "ಪೆನ್ಸಿಲ್ ಚೂಪು ಮಾಡೋಕೂ ನನ್ನ ಹತ್ರ ಬರ್ತಿದ್ದವನು ನೀನು" ಎಂದು ನೀನು ಅರ್ಧ ಗಂಟೆ ನಕ್ಕೆ. ನಗು, ಪರವಾಗಿಲ್ಲ. ಈಗ ಬಂದು ನೋಡು. ಸ್ಕೂಟರ್ ಮಾರಿದ ಮೇಲೆ ಖಾಲಿ ಬಿದ್ದಿದ್ದ ಶೆಡ್ಡಿನಲ್ಲಿ ಹಳೇ ಬಾಗಿಲೊಂದನ್ನು ಎರಡು ಮರದ ಸ್ಟ್ಯಾಂಡಿನ ಮೇಲೆ ಮಲಗಿಸಿ ಕೆಲಸದ ಮೇಜು ಮಾಡಿಕೊಂಡಿದ್ದೇನೆ. ಕಿಟಕಿಯ ಪಕ್ಕ ಗರಗಸ, ಅದರ ಕೆಳಗೆ ದೊಡ್ಡದರಿಂದ ಚಿಕ್ಕದಕ್ಕೆ ನಾಲ್ಕು ಉಳಿ. ಯಾವುದು ಎಲ್ಲಿ ಎಂದು ಗೋಡೆಯ ಮೇಲೆ ಗೆರೆ ಎಳೆದು ಚಿತ್ರ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಇದಕ್ಕೆ "ಎ ಪ್ಲೇಸ್ ಫಾರ್ ಎವ್ರಿ..." ಏನೋ ಒಂದು ಗಾದೆ ಇದೆ, ಒಂದೊಂದು ವಸ್ತುವಿಗೂ ಒಂದೊಂದು ಜಾಗ ಎಂದು, ಮುಂದಿನದು ಮರೆತೆ.

ಇಷ್ಟೆಲ್ಲ ಸಿದ್ಧ ಮಾಡಿಕೊಂಡು ಅಳತೆಗೆ ಮಾತ್ರ ನಮ್ಮವಳ ಹೊಲಿಗೆಯ ಟೇಪು ತೆಗೆದುಕೊಂಡೆ. ಅವಳು ಹೋದ ಮೇಲೆ ಆ ಡಬ್ಬಿ ತೆರೆದದ್ದು ಅದೇ ಮೊದಲು. ಹದಿನೆಂಟಕ್ಕೆ ಗುರುತು ಹಾಕಿ ನಾಲ್ಕೂ ಕಾಲು ಕತ್ತರಿಸಿದೆ. ಎದುರು ಮನೆಯ ಮುದುಕ ಬಡಗಿ ಬಂದು, ತನ್ನ ಸ್ಟೀಲು ಟೇಪು ಹಿಡಿದು, ಹದಿನೇಳು ಎಂದ. ಮತ್ತೆ ನೋಡಿದರೆ ಅವಳ ಟೇಪಿನಲ್ಲಿ ಮೊದಲ ಇಂಚೇ ಇಲ್ಲ! ತುದಿ ಹರಿದಿತ್ತೆಂದು ಕತ್ತರಿಸಿ, ಚೆಂದವಾಗಿ ಅಂಚು ಹೊಲಿದಿದ್ದಾಳೆ. ಆ ಒಂದು ಇಂಚನ್ನು ಮನಸ್ಸಿನಲ್ಲೇ ಲೆಕ್ಕಕ್ಕೆ ಹಿಡಿಯುತ್ತಿದ್ದಳು ಅಂತ ಕಾಣುತ್ತದೆ. ಹೇಳಿರಲಿಲ್ಲ. ಹೇಳಲು ನಾನು ಅಳೆದದ್ದಾದರೂ ಯಾವಾಗ?

ನಾನೇನೂ ಹೆದರಲಿಲ್ಲ. ಕಾಲೇಜಿನ ಫಿಸಿಕ್ಸ್ ಪ್ರಾಕ್ಟಿಕಲ್ಲಿನಲ್ಲಿ ಇದನ್ನೇ, ಅಳತೆ ಸೊನ್ನೆಯಿಂದ ಶುರುವಾಗದ ತಪ್ಪನ್ನು, "ಜೀರೋ ಎರರ್" ಎಂದು ಕಲಿಸಿದ್ದರು. ಕೂಡಬೇಕೋ ಕಳೆಯಬೇಕೋ ಅನ್ನುವುದಷ್ಟೇ ಮರೆತಿತ್ತು. ಕಳೆದೆ. ಅದೇ ಟೇಪಿನಲ್ಲಿ ಹದಿನೇಳಕ್ಕೆ ಗುರುತು ಹಾಕಿ ಹೊಸ ಮರ ಕತ್ತರಿಸಿದರೆ ಕಾಲು ಹದಿನಾರಾಯಿತು. ಬಡಗಿ ಬೀಡಿ ಕೆಳಗಿಟ್ಟು, "ಯಜಮಾನ್ರೇ, ಇನ್ನೊಂದೆರಡು ಸಲ ಲೆಕ್ಕ ಸರಿ ಮಾಡಿ, ಅಕ್ಕಾವ್ರಿಗೆ ಮಣೆ ಆಗತ್ತೆ" ಎಂದ. ಅವನ ಸ್ಟೀಲು ಟೇಪು ಇಸಿದುಕೊಂಡು ಮೂರನೇ ಸಲ ಕತ್ತರಿಸಿದೆ. ಹದಿನೆಂಟು. ನಾಲ್ಕೂ ಹದಿನೆಂಟು. ಕುರ್ಚಿ ಜೋಡಿಸಿ ಮುಗಿಸಿದ ಮೇಲೆ ಬಡಗಿ ಅಡ್ಡಪಟ್ಟಿಯ ಒಂದೊಂದು ಜೋಡಣೆಯನ್ನೂ ಅಲುಗಿಸಿ ನೋಡಿದ, ಕೊನೆಗೆ ಹತ್ತಿ ಕೂತ. ಎರಡು ಬೀಡಿ ಮುಗಿಯುವವರೆಗೂ ಏಳಲಿಲ್ಲ. ಅವನ ಬಾಯಿಂದ ಹೊಗಳಿಕೆ ಬರುವುದಿಲ್ಲ, ಅದನ್ನೇ ಹೊಗಳಿಕೆ ಅಂದುಕೊಂಡಿದ್ದೇನೆ. ನೀನು ಎರಡೂ ಕೈ ಊರಿ ಏಳುವವಳು, ಆದ್ದರಿಂದ ತೋಳು ಅಗಲವಾಗಿ ಇಟ್ಟಿದ್ದೇನೆ. ನಿನ್ನೆ ಎಣ್ಣೆ ಹಚ್ಚಿದೆ, ಇವತ್ತು ಒಣಗಿದೆ.

ಇನ್ನೂ ಬರೆಯುವುದಿತ್ತು, ಹಿತ್ತಿಲ ನಲ್ಲಿಯದು, ನನ್ನ ಹೆಬ್ಬೆರಳಿನದು (ಸಣ್ಣ ಗಾಯ, ಗಾಬರಿ ಬೇಡ). ಆದರೆ ಈ ಶೆಡ್ಡಿಗೆ ಇರುವುದು ಒಂದೇ ಕಿಟಕಿ, ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ಮಗನಿಗೂ ಸೊಸೆಗೂ ನನ್ನ ಆಶೀರ್ವಾದ ತಿಳಿಸು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ಆಪರೇಷನ್ ಆದದ್ದಕ್ಕೂ ಆಗದ್ದಕ್ಕೂ.

ನಿನ್ನ ತಮ್ಮ

ಮರೆತ ವಿಷಯ: ಈ ಕಾಗದ ನಿನಗೆ ಸಿಗುವುದು ಶುಕ್ರವಾರ ಸಂಜೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು ಟ್ಯಾಕ್ಸಿ ತಂದು ನಿಮ್ಮ ಗೇಟಿನ ಹತ್ತಿರ ನಿಂತಿರುತ್ತೇನೆ. ಬರಲ್ಲ ಎಂದು ಉತ್ತರ ಬರೆಯಲು ನಿನಗೆ ಹೊತ್ತಿಲ್ಲ. ನಿನ್ನ ಬಟ್ಟೆ ತುಂಬಿಟ್ಟ ಚೀಲ ಆಗಲೇ ನಿನ್ನ ಮಂಚದ ಕೆಳಗಿದೆ, ಸೊಸೆಯನ್ನು ಬೈಯಬೇಡ.