ಬಾಗಿಲಮ್ಮನ ಅರ್ಧ ಮಾತು

ಜೂನ್ 3, ಮಂಗಳವಾರ. ಬೆಳಗ್ಗೆ

ಮತ್ತೆ ಅದೇ ಕನಸು. ಕೋಟೆ ಬಾಗಿಲಲ್ಲಿ ಕೂತಿದ್ದೇನೆ. ಜನ ಹೊರಗೆ ಹೋಗುತ್ತಲೇ ಇದ್ದಾರೆ. ಕುದುರೆಯವರು, ನಡೆಯುವವರು, ಹೆಲ್ಮೆಟ್ ಹಾಕಿಕೊಂಡವನೊಬ್ಬ. ಯಾರಿಗಾದರೂ ಹೇಳಬೇಕು — ನೀರು, ಬುತ್ತಿ, ಕತ್ತಲು. ಬಾಯಿ ತೆರೆದರೆ ಹತ್ತಿ ತುರುಕಿದಂತೆ. ಒಬ್ಬರೂ ತಿರುಗಿ ನೋಡುವುದಿಲ್ಲ. ಒಬ್ಬರೂ ವಾಪಸ್ ಬರುವುದಿಲ್ಲ.

ಎದ್ದೆ. ಗ್ಯಾಸ್ ನೋಡಿದೆ. ಆಫ್ ಇತ್ತು. ಮತ್ತೆ ಹೋಗಿ ನೋಡಿದೆ. ಮೊದಲಾಗಿದ್ದರೆ ಇಂಥ ಕನಸಿಗೆ ಎದೆ ಹೊಡೆದುಕೊಂಡು, ಮಧ್ಯಾಹ್ನದ ತನಕ ಊಟ ಸೇರುತ್ತಿರಲಿಲ್ಲ. ಈಗ ಹಾಗಿಲ್ಲ. ಯೋಚನೆ ಬರುತ್ತದೆ, ಅದರ ಹಿಂದೆ ಬರಬೇಕಾದ ಭಯ ಬರುವುದಿಲ್ಲ. ಹೊಸ ಮಾತ್ರೆ ಶುರುವಾದಾಗಿನಿಂದ ಹೀಗೆ.

ತಮ್ಮ ಗುರು ತಿಂಡಿ ತಿಂದು ಬೋಗಾದಿಯ ಆಫೀಸಿಗೆ ಹೊರಟ. ಗೇಟಿನ ಹತ್ತಿರ ನಿಂತು ಎಲ್ಲ ಕೇಳಿದೆ. ಹೆಲ್ಮೆಟ್. ಪೆಟ್ರೋಲ್. ಫೋನ್ ಚಾರ್ಜ್. ಗುರು ಬೈಕಿನ ಮೇಲೆ ಕೂತು ನನ್ನ ಮುಖವನ್ನೇ ನೋಡಿದ.

"ಈಗೀಗ ನೀನು ಅಟೆಂಡೆನ್ಸ್ ಕೂಗ್ದಂಗೆ ಕೇಳ್ತೀಯ ಕಣಕ್ಕ."

ಹೌದೇನೋ.

ಎರಡು ಸೀರೆಗೆ ಕುಚ್ಚು ಕಟ್ಟುವುದಿದೆ. ಒಂದಾದರೂ ಮುಗಿಸಬೇಕು.

ಜೂನ್ 5, ಗುರುವಾರ

ಏನಾದರೂ ಸರಿ, ಬರೆದಿಡಿ ಎಂದಿದ್ದಾರೆ ಡಾಕ್ಟರ್. ಇದನ್ನು ಬರೆಯುತ್ತೇನೆ.

ಗುರು ಆಫೀಸಿನವರು ಒಂದು ಗೇಮ್ ಮಾಡಿದ್ದಾರೆ. ‘ಕೋಟೆಯಾಚೆ’. ಕಾಡು, ಕೆರೆ, ಹಾಳುಬಿದ್ದ ಊರುಗಳು, ರಾಕ್ಷಸರು. ಆಡುವವರು ಎತ್ತ ಬೇಕಾದರೂ ಹೋಗಬಹುದು. ಗುರುವಿನದು ಅದರಲ್ಲಿ ಸೌಂಡ್ ಕೆಲಸ. ಕೋಟೆ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿರುತ್ತಾಳೆ, ಬಾಗಿಲಮ್ಮ ಅಂತ. ಅವಳ ದನಿ ನನ್ನದು.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿ, ಮತ್ತೆ ಕಟ್ಟಿ, ಮತ್ತೆ ಹೋಗಿ, ಮನೆಯಲ್ಲಿ ಕೂತವಳು ನಾನು. ನನ್ನನ್ನು ಮೈಕಿನ ಮುಂದೆ ಕೂರಿಸಿದ್ದು ಗುರು. "ದಿನಾ ಗೇಟಲ್ಲಿ ನನ್ನ ತಲೆ ತಿಂತೀಯಲ್ಲ, ಅದನ್ನೇ ಇಲ್ಲಿ ಹೇಳು" ಎಂದ. ಹೇಳಿದೆ. ನೀರು ತಗೊಂಡ್ಯಾ? ಕತ್ತಿ ಒರೆಸ್ಕೊಂಡ್ಯಾ? ಕತ್ಲಾಗೋದ್ರೊಳಗೆ ಬಂದ್ಬುಡು ಕಣಪ್ಪ. ನಾನು ನಟನೆ ಮಾಡಲಿಲ್ಲ. ಆಗ ನಿಜವಾಗಿಯೂ ಭಯವೇ ಇತ್ತು. ಆಡುವವನು ಯಾರೋ, ಎಲ್ಲಿ ಬೀಳುತ್ತಾನೋ ಅಂತ.

ಆಮೇಲೆ ಆ ಭಯ ಮನೆ ತುಂಬ ಬೆಳೆಯಿತು. ಗುರು ಬರುವುದು ತಡವಾದರೆ ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡುವ ತನಕ. ಅಮ್ಮ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಮಾತ್ರೆ.

ಸಂಜೆ ಗುರು ಬಂದು ಗೇಮಿನ ಬಗ್ಗೆ ಜನ ಬರೆದದ್ದನ್ನು ಓದಿದ. ಒಬ್ಬನಿಗೆ ಹಿಡಿಸಿದ್ದು ಇನ್ನೊಬ್ಬನಿಗೆ ಆಗುವುದಿಲ್ಲ. ‘ಇಷ್ಟು ದೊಡ್ಡ ನಾಡು, ಮಾಡೋಕೆ ಒಂದು ಕೆಲಸ ಇಲ್ಲ.’ ‘ಕೆಲಸ ಇಲ್ಲ ಅಂತಲೇ ಇಷ್ಟ. ಕೆರೆ ಏರಿ ಮೇಲೆ ಕುದುರೆ ನಿಲ್ಲಿಸಿಕೊಂಡು ಸುಮ್ಮನೆ ಕೂರ್ತೀನಿ.’ ‘ಕುದುರೆ ಬಂಡೆಗೆ ಸಿಕ್ಕಿಹಾಕಿಕೊಂಡರೆ ದೇವರೇ ಗತಿ.’ ಎಲ್ಲ ಸೇರಿಸಿ ಮೇಲೆ ‘ಮಿಕ್ಸೆಡ್’ ಅಂತ ತೋರಿಸುತ್ತದಂತೆ.

"ಮಿಕ್ಸೆಡ್ ಅಂದ್ರೆ ಪಾಸಾ, ಫೇಲಾ?" ಅಮ್ಮ ಕೇಳಿದಳು.

"ಗ್ರೇಸ್ ಮಾರ್ಕ್ಸ್ ಅಮ್ಮ," ಎಂದ ಗುರು.

ಮುಂದಿನ ಅಪ್‌ಡೇಟಿಗೆ ಬಾಗಿಲಮ್ಮನಿಗೆ ಹೊಸ ಮಾತುಗಳು ಬೇಕಂತೆ. ಮಂಗಳವಾರ ರೆಕಾರ್ಡಿಂಗ್. ಸರಿ ಎಂದೆ. ಆಗುತ್ತದೋ ಇಲ್ಲವೋ.

ಜೂನ್ 8, ಭಾನುವಾರ

ಆಡುವವರನ್ನು ಇವತ್ತು ಆಫೀಸಿಗೆ ಕರೆದಿದ್ದರು. ಗುರು ನನ್ನನ್ನೂ ಎಳೆದುಕೊಂಡು ಹೋದ. ಯಾರೆಂದು ಹೇಳಬೇಡ ಎಂದಿದ್ದೆ. ಹಿಂದಿನ ಕುರ್ಚಿಯಲ್ಲಿ ಕೂತೆ.

ಕೆಸರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಚೆಲುವರಾಜು ಎಂಬುವವರು ಎದ್ದು ನಿಂತರು. "ಮೊದ್ಲು ಆ ಅಜ್ಜಿ ಬಾಯಿ ಮುಚ್ಸೋಕೊಂದು ಬಟನ್ ಕೊಡಿ ಸ್ವಾಮಿ. ಮನೇಲಿ ಎಂಡ್ತಿ ಕೇಳ್ತಾಳೆ ಎಲ್ಲಾ ತಗೊಂಡ್ರಾ ಅಂತ. ತಪ್ಪಿಸ್ಕೊಂಡ್ ಬಂದು ಗೇಮ್ ಆನ್ ಮಾಡುದ್ರೆ ಇವ್ಳು ಕೇಳ್ತಾಳೆ."

ಎಲ್ಲರೂ ನಕ್ಕರು. ಮುಂದಿನ ಸಾಲಿನ ಹುಡುಗಿ, ಲಹರಿ ಅಂತ, ಹಾಸ್ಟೆಲಿನಲ್ಲಿರುವವಳು, ತಿರುಗಿದಳು. "ನಿಮ್ಗೆ ಕೇಳೋರು ಇದಾರೆ ಸಾರ್, ಅದಕ್ಕೇ ಬೇಡ. ನಂಗೆ ಹಾಸ್ಟೆಲಲ್ಲಿ ಊಟ ಆಯ್ತಾ ಅಂತಾನೂ ಯಾರೂ ಕೇಳಲ್ಲ. ನಾನು ಬಾಗಿಲಿಂದ ಹೊರಗೆ ಹೋಗಿ, ಮತ್ತೆ ಒಳಗೆ ಬಂದು, ಮತ್ತೆ ಹೋಗ್ತೀನಿ. ಬೈಸ್ಕೊಳ್ಳೋಕೆ."

"ಅಂಗಾದ್ರೆ ನಮ್ಮನೆಗೆ ಬಂದ್ಬುಡವ್ವ, ಪುಕ್ಸಟ್ಟೆ ಬೈಸ್ತೀನಿ."

ಮತ್ತೆ ನಗು. ಅವಳೂ ನಕ್ಕಳು. ಗುರು ನನ್ನ ಕಡೆ ನೋಡಿದ. ಖುಷಿಯಾಗಬೇಕಿತ್ತು. ಅಥವಾ ಬೇಜಾರು. ಎರಡರಲ್ಲಿ ಒಂದು. ಫ್ಯಾನ್ ತಿರುಗುವುದನ್ನು ನೋಡುತ್ತ ಕೂತಿದ್ದೆ.

ಜೂನ್ 10, ಮಂಗಳವಾರ

ರೆಕಾರ್ಡಿಂಗ್ ಆಯಿತು. ಆಗಲಿಲ್ಲ.

ಗಾಜಿನ ಆಚೆ ಗುರು, ಪಕ್ಕದಲ್ಲಿ ವಿಭಾ ಮೇಡಂ. ಗೇಮಿನ ಕಥೆ, ಮಾತು ಎಲ್ಲ ಅವರದೇ, ಆಫೀಸೂ ಅವರದೇ. ಒಳ್ಳೆಯವರು. ನಾನು ತಡವರಿಸಿ ಓದಿ ಮುಗಿಸುವ ತನಕ ಕಾಯುತ್ತಾರೆ.

"ಸ್ವಲ್ಪ ಭಯ ಹಾಕಕ್ಕ," ಗುರು ಹೇಳಿದ. ಹಾಕಿದೆ. "ಈಗ ಸಿಟ್ಟು ಬಂದಂಗಿದೆ." ಕಡಿಮೆ ಮಾಡಿದೆ. "ಈಗ ಬಸ್‌ಸ್ಟ್ಯಾಂಡಲ್ಲಿ ಅನೌನ್ಸ್ ಮಾಡ್ದಂಗಿದೆ."

ಮೇಡಂ ನೀರು ಕೊಟ್ಟರು. ಆಮೇಲೆ ಮೆಲ್ಲಗೆ, "ತಪ್ಪು ತಿಳ್ಕೋಬೇಡಿ ಐಶ್ವರ್ಯ ಅವ್ರೇ. ನಿಮ್ಮ ಹಳೇ ರೆಕಾರ್ಡಿಂಗ್ ಕೊಟ್ರೆ ಮೆಷಿನ್ನೇ ನಿಮ್ಮ ಹಳೇ ದನಿ ಮಾಡ್ಕೊಡುತ್ತೆ. ನಿಮ್ಗೆ ಒಪ್ಗೆ ಇದ್ರೆ ಮಾತ್ರ ಕಣ್ರೀ" ಎಂದರು.

ಯೋಚನೆ ಮಾಡಿ ಹೇಳ್ತೀನಿ ಎಂದೆ. ಯೋಚನೆ ಮಾಡುವುದೊಂದು ಚೆನ್ನಾಗಿ ಬರುತ್ತದೆ ನನಗೆ.

ಬಾಗಿಲಮ್ಮ ಒಬ್ಬಳೇ ನಾನು ಸರಿಯಾಗಿ ಮಾಡಿದ್ದು. ಅವಳೂ ಹೋದರೆ ಉಳಿಯುವುದು ಕುಚ್ಚು.

ಜೂನ್ 12, ಗುರುವಾರ

ಮಾತ್ರೆ ಬಾಯಲ್ಲಿಟ್ಟುಕೊಂಡು, ಅಮ್ಮ ಅತ್ತ ಹೋದ ಮೇಲೆ ತುಳಸಿ ಕುಂಡದಲ್ಲಿ ಉಗಿದೆ. ಭಯ ವಾಪಸ್ ಬಂದರೆ ದನಿಯೂ ಬರುತ್ತದಲ್ಲ. ರೆಕಾರ್ಡಿಂಗ್ ಮುಗಿಯುವ ತನಕ ಅಷ್ಟೇ. ಆಮೇಲೆ ತಗೊಳ್ಳುತ್ತೇನೆ...

ಜೂನ್ 21, ಶನಿವಾರ

ಬರೆಯಲು ಆಗಿರಲಿಲ್ಲ.

ಭಯ ಬಂತು. ದನಿ ಬರಲಿಲ್ಲ. ಅಷ್ಟು ಭಯದಲ್ಲಿ ಮಾತೇ ಹೊರಡುವುದಿಲ್ಲ ಎಂಬುದು ಮರೆತುಹೋಗಿತ್ತು. ಗುರುವಿನ ಬೈಕ್ ಕೀಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆನಂತೆ. ಮುಂಬಾಗಿಲಿಗೆ ಬೀಗ ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದೆನಂತೆ. ಅಮ್ಮ ಹಿತ್ತಲಿನಿಂದ ಹೋಗಿ ಪಕ್ಕದ ಮನೆಯ ರುದ್ರಸ್ವಾಮಿಯವರನ್ನು ಕರೆತಂದಳಂತೆ. ಎಲ್ಲ ‘ಅಂತೆ’. ನನಗೆ ನೆನಪಿರುವುದು ನೆಲ ತಣ್ಣಗಿದ್ದದ್ದು.

ಡಾಕ್ಟರ್ ಬೈಯಲಿಲ್ಲ. ಮಾತ್ರೆಯನ್ನು ನಾನಾಗಿ ಯಾವತ್ತೂ ನಿಲ್ಲಿಸಬಾರದು, ಏನೂ ಅನಿಸುತ್ತಿಲ್ಲ ಎಂದರೆ ಅದನ್ನು ಬಂದು ಹೇಳಬೇಕು ಎಂದರು. ಹೇಳಿದೆ. ಪ್ರಮಾಣ ಬದಲಾಯಿಸಿದ್ದಾರೆ. ಸಮಯ ಹಿಡಿಯುತ್ತದಂತೆ.

ಅಮ್ಮ ಮಾತ್ರ ಬೈದಳು. "ಆಟಕ್ಕೋಸ್ಕರ ಮಾತ್ರೆ ಬುಟ್ಬುಟ್ಯಾ? ಆ ಮುದುಕಿ ಹಾಳಾಗೋಗ್ಲಿ ಬುಡು. ನೀನು ಇರು ಕಣಮ್ಮ, ಸಾಕು." ಬೈಯುತ್ತಲೇ ತಲೆ ಬಾಚಿದಳು. ಸಿಕ್ಕು ಬಿಡಿಸುವಾಗ ನೋಯುತ್ತಿತ್ತು.

ಜೂನ್ 24, ಮಂಗಳವಾರ

ಬೋಗಾದಿಗೆ ಹೋಗಿ ಇನ್ನೊಂದು ಸಲ ಎಲ್ಲ ಓದಿದೆ. ಮಾತ್ರೆ ತೆಗೆದುಕೊಂಡೇ. ಬಂದ ಹಾಗೆ ಬರಲಿ ಎಂದು. ಯಾರೂ ಭಯ ಹಾಕು ಅನ್ನಲಿಲ್ಲ. ಗುರು ತಲೆ ತಗ್ಗಿಸಿಕೊಂಡು ರೆಕಾರ್ಡ್ ಮಾಡಿದ.

ಮೆಷಿನ್ನಿಗೆ ಒಪ್ಪಿಗೆ ಕೊಟ್ಟೆ. ನನ್ನದು ಸರಿ ಬಂದ ಕಡೆ ನನ್ನದು, ಉಳಿದ ಕಡೆ ಅದರದು. ವಿಭಾ ಮೇಡಂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಎಂದರು. ಬರುವಾಗ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಏನೂ ಅನಿಸಲಿಲ್ಲ ಎಂದು ಬರೆದು ಬರೆದು ಅದಕ್ಕೂ ಅರ್ಥ ಹೋಗಿದೆ.

ಜುಲೈ 4, ಶುಕ್ರವಾರ. ಸಂಜೆ

ನಿನ್ನೆ ಅಪ್‌ಡೇಟ್ ಬಿಟ್ಟರು. ಗುರು ಊಟಕ್ಕೆ ಕೂತು ಫೋನ್ ನೋಡುತ್ತಿದ್ದ. ಓದು ಎಂದೆ.

‘ಹಳೇ ಕುದುರೆ ಬಂಡೆಗೆ ಸಿಕ್ಕಿಕೊಳ್ಳುತ್ತಿತ್ತು. ಹೊಸದು ಮರಕ್ಕೆ. ಪ್ರಗತಿ.’ ‘ಯುದ್ಧ ಇನ್ನೂ ನಿಧಾನ.’ ‘ಯುದ್ಧ ಈಗ ತುಂಬಾ ಫಾಸ್ಟ್, ಹಾಳು ಮಾಡಿದರು.’

"ಅವಳ ಬಗ್ಗೆ?"

ಅನ್ನ ಕಲಸುತ್ತ ಓದಿದ. ‘ಕತ್ಲು ಬಿದ್ರೆ ನಾನೆಲ್ಲಿ ಹುಡುಕ್ಲಿ ಅಂತಾಳಲ್ಲ, ಕಣ್ಣಲ್ಲಿ ನೀರು ಬಂತು.’ ಅದು ಮೆಷಿನ್ನಿನದು. ‘ಕೆಲವು ಕಡೆ ಬಾಗಿಲಮ್ಮನಿಗೆ ಜೀವವೇ ಇಲ್ಲ, ಅಲ್ಲೆಲ್ಲ ಮೆಷಿನ್ ದನಿ ಹಾಕಿದ್ದಾರೆ, ಗೊತ್ತಾಗುತ್ತೆ.’ ಅದು ನಾನು.

ಅಮ್ಮನಿಗೆ ನಗು ಬಂತು. ತಡೆದುಕೊಂಡಳು. ನನಗೂ ಸ್ವಲ್ಪ ಬಂತೇನೋ.

"ಇನ್ನೊಂದೈತೆ," ಎಂದ ಗುರು. "ಇದ್ರದ್ದೇ ದೊಡ್ಡ ಜಗಳ."

ಒಂದು ಕಡೆ ಬಾಗಿಲಮ್ಮ ‘ಎಲ್’ ಅಂತ ಶುರುಮಾಡಿ ನಿಂತುಬಿಡುತ್ತಾಳಂತೆ. ಒಂದು ಉಸಿರು. ಆಮೇಲೆ, ‘ದೂರಾನಾ ಮಗಾ?’ ಅರ್ಧ ಜನ ಕಂಪ್ಲೇಂಟ್ ಹಾಕಿದ್ದಾರೆ, ಆಡಿಯೋ ಕಟ್ ಆಗುತ್ತಿದೆ, ಸರಿಮಾಡಿ ಅಂತ. ಇನ್ನರ್ಧ ಜನ ಅವರ ಮೇಲೆ ಬಿದ್ದಿದ್ದಾರೆ. ‘ಹೊರಟವರನ್ನ ಎಲ್ಲಿಗೆ ಅಂತ ಕೇಳಬಾರದು ಕಣ್ರೋ, ಹೋದ ಕೆಲಸ ಕೆಡುತ್ತೆ. ನಿಮ್ಮನೇಲಿ ಯಾರೂ ಹೇಳಿಕೊಟ್ಟಿಲ್ವಾ? ಬಾಯಿ ತಪ್ಪಿ ಕೇಳೋಕೆ ಹೋಗಿ ನುಂಗಿಕೊಂಡಳು ಅಜ್ಜಿ. ಅದನ್ನೂ ಬರೆದಿದ್ದಾರಲ್ಲ, ಭೇಷ್!’

ಯಾರೂ ಬರೆದಿಲ್ಲ. ಮೇಡಂ ಕೊಟ್ಟ ಹಾಳೆಯಲ್ಲಿ ‘ಎಲ್ಲಿಗೆ ಹೊರಟೆ ಮಗಾ’ ಎಂದೇ ಇತ್ತು.

"ಹಂಗಾದ್ರೆ ಯಾರು ಹೇಳಿದ್ದು ಅದನ್ನ?" ಕೇಳಿದೆ.

"ನೀನೇ. ನಂಗೆ ತೆಗೆಯೋಕೆ ಮನ್ಸಾಗ್ಲಿಲ್ಲ ಕಣಕ್ಕ, ಬುಟ್ಬುಟ್ಟೆ."

ಜುಲೈ 6, ಭಾನುವಾರ

ನನಗೆ ನೆನಪಿಲ್ಲ. ಹೇಳಿದ್ದೂ ನೆನಪಿಲ್ಲ, ನಿಲ್ಲಿಸಿದ್ದೂ ನೆನಪಿಲ್ಲ. ಗುರುವಿನ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮೊದಲು ಅದೇ ಮಾತಿಗೆ ಮೆಷಿನ್ ಮಾಡಿಕೊಟ್ಟು, ಗೇಮಿಗೆ ಹಾಕದೆ ಉಳಿದದ್ದು. ‘ಎಲ್ಲಿಗೆ ಹೊರಟೆ ಮಗಾ’ — ನಡುಗುವ ದನಿ, ಪ್ರೀತಿ, ಎಲ್ಲ ಇದೆ. ಮುದ್ದಾಗಿದೆ. ನಾನು ಚೆನ್ನಾಗಿದ್ದಾಗ ಹೀಗೇ ಇದ್ದೆ.

ಆಮೇಲೆ ನನ್ನದು. ಎಲ್... ಹಾಳೆ ನೋಡಿ ಓದಿದ ಸಪ್ಪೆ ದನಿ. ಅಲ್ಲೇ ನಿಂತಿದೆ, ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ. ಉಸಿರು. ದೂರಾನಾ ಮಗಾ.

ಮತ್ತೆ ಹಾಕಿದೆ. ಮತ್ತೆ.

ಮನಸ್ಸಿನಲ್ಲಿ ಅವತ್ತು ಏನೂ ಇರಲಿಲ್ಲ. ಖಂಡಿತ ಗೊತ್ತು. ಆದರೂ ಹೋಗುವವನ ಕೆಲಸ ಕೆಡಬಾರದು ಅಂತ ಯಾರೋ ನಿಲ್ಲಿಸಿದ್ದಾರೆ. ನಾನಲ್ಲದೆ ಇನ್ಯಾರಿದ್ದರು ಆ ಗಾಜಿನ ರೂಮಿನಲ್ಲಿ.

ಅಮ್ಮನ ಕಿವಿಗೂ ಹಾಕಿದೆ. ಎರಡನ್ನೂ ಕೇಳಿದಳು. ಮೊದಲನೆಯದಕ್ಕೆ, "ಯಾರೋ ಚೆನ್ನಾಗ್ ಮಾತಾಡ್ತಾರೆ." ಎರಡನೆಯದಕ್ಕೆ ಹೆಡ್‌ಫೋನ್ ತೆಗೆದು, "ಇದು ಐಶೂ" ಎಂದು ಒಲೆಯ ಕಡೆ ಹೋದಳು.

ಗುರು ಹೇಳಿದ — ಕಂಪ್ಲೇಂಟ್ ಜಾಸ್ತಿಯಾಗಿವೆ. ಮಂಗಳವಾರ ತಪ್ಪುಗಳನ್ನೆಲ್ಲ ತಿದ್ದಿ ಇನ್ನೊಂದು ಅಪ್‌ಡೇಟ್ ಬಿಡುತ್ತಾರೆ. ಅದನ್ನು ತೆಗೆದು ಮೆಷಿನ್ನಿನದನ್ನು ಹಾಕುವ ಮಾತು ನಡೆದಿದೆ.

ಜುಲೈ 7, ಸೋಮವಾರ. ಮಧ್ಯಾಹ್ನ

ವಿಭಾ ಮೇಡಂಗೆ ಫೋನ್ ಮಾಡಿದೆ. ನಾನೇ. ಏನು ಹೇಳಬೇಕೆಂದು ಮೊದಲು ಗೋಡೆಗೆ ಹೇಳಿ ನೋಡಿಕೊಂಡೆ. ಆದರೂ ತೊದಲಿದೆ.

"ಮೇಡಂ, ಅದೊಂದು ತೆಗೀಬೇಡಿ. ಉಳಿದಿದ್ದೆಲ್ಲಾ ಮೆಷಿನ್‌ಗೇ ಕೊಟ್ಬುಡಿ. ನನ್ನ ಹಳೇದೂ ಬೇಕಾದ್ರೆ ತೆಗೀರಿ. ಅದೊಂದು ಇರ್ಲಿ."

"ನಮ್ಮಜ್ಜಿನೂ ಹಂಗೇ ಕೇಳೋರು ಕಣ್ರೀ, ದೂರಾನಾ ಅಂತ. ಬರೆಯೋವಾಗ ನಂಗೆ ಹೊಳೀಲೇ ಇಲ್ಲ ನೋಡಿ." ಎಂದರು ಮೇಡಂ. "ಆದ್ರೆ ಐಶ್ವರ್ಯ ಅವ್ರೇ, ಗೊತ್ತಿಲ್ದೋರಿಗೆ ಅದು ತಪ್ಪು ಅಂತ್ಲೇ ಕೇಳ್ಸುತ್ತೆ. ಈಗ್ಲೇ ಮಿಕ್ಸೆಡ್ ಇದೀವಿ."

"ಇರ್ಲಿ ಬಿಡಿ ಮೇಡಂ. ನಾನೂ ಅಷ್ಟೇ."

ಅದು ಗೋಡೆಗೆ ಹೇಳಿಕೊಂಡ ಮಾತಲ್ಲ. ತಾನಾಗಿ ಬಂತು. ಅವರು ನಕ್ಕರು. ನೋಡ್ತೀನಿ ಎಂದರು. ಉಳಿಸುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಜುಲೈ 8, ಮಂಗಳವಾರ. ಸಂಜೆ

ಕುಚ್ಚು ಕಟ್ಟಲು ಕೂತು ಎರಡು ಸಲ ಬಣ್ಣ ತಪ್ಪಿಸಿದೆ. ಬಿಚ್ಚಿದೆ.

ಈಗಷ್ಟೇ ಗುರು ಫೋನ್ ಮಾಡಿದ. ಅಪ್‌ಡೇಟ್ ಬಿಟ್ಟಾಯಿತಂತೆ.

"ಐತೆ ಕಣಕ್ಕ. ತೆಗ್ದಿಲ್ಲ. ಮೇಡಮ್ಮೇ ಬೇಡ ಅಂದ್ರು."

"ಎಲ್ಲಿ ನೋಡ್ದೆ?"

"ಲಿಸ್ಟಲ್ಲಿ. ಫೈಲ್ ಹೆಸ್ರು ಅದೇ ಐತೆ."

ಹೆಸರು ಅದೇ ಇಟ್ಟು ಒಳಗೆ ಬೇರೆ ಹಾಕಿದ್ದರೆ? ಯಾರೋ ಗಡಿಬಿಡಿಯಲ್ಲಿ ಅದರ ಮೇಲೆ ಇದನ್ನು ಕೂರಿಸಿದ್ದರೆ? ಕೇಳಿದೆ. ಅವನು ಜೋರಾಗಿ ನಕ್ಕ. "ಬಂದ್ಲಪ್ಪಾ ನಮ್ಮಕ್ಕ ವಾಪಸ್ಸು" ಎಂದು ಆಚೆ ಯಾರಿಗೋ ಹೇಳಿದ. ಫೋನ್ ಇಟ್ಟ.

ಬೆರಳಿಗೆ ದಾರ ಸುತ್ತಿಕೊಂಡಿದೆ. ಬಿಗಿಯಾಗಿದೆ, ಉರಿಯುತ್ತಿದೆ. ಬಿಡಿಸಿಕೊಳ್ಳದೆ ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ.

ಮತ್ತೆ ಫೋನ್ ಮಾಡಬೇಕು. ಗುರು, ಲಿಸ್ಟ್ ಬೇಡ. ಗೇಮ್ ಆನ್ ಮಾಡು. ಕೋಟೆಯೊಳಗಿಂದ ನಡೆದುಕೊಂಡೇ ಬಾ, ಕುದುರೆ ಬೇಡ. ಬಾಗಿಲಲ್ಲಿ ಅವಳ ಮುಂದೆ ನಿಂತ್ಕೊ. ‘ಎಲ್’ ಅಂತಾಳಾ, ನಿಲ್ಲಿಸ್ತಾಳಾ, ಅದೊಂದನ್ನ ಇನ್ನೊಂದು ಸಲ ಕೇಳಿ ಹೇಳು.