ಒಂದೇ ಸಲ ಕೇಳಿದ್ದು

ಸ್ಟರ್ಲಿಂಗ್ ಹೈಟ್ಸ್, ಮಿಶಿಗನ್
ಭಾನುವಾರ, ಅಕ್ಟೋಬರ್ 12, 2025

ಪ್ರೀತಿಯ ಸುಚೀ,

ಹೇಗಿದ್ದೀಯಾ? ಕೈಯಲ್ಲಿ ಸೂಜಿ ಚುಚ್ಚುವ ಕಡೆ ಬಾವು ಇಳಿಯಿತೇ? ಶನಿವಾರದ ಡಯಾಲಿಸಿಸ್ ಮುಗಿಸಿ ಬಂದ ಮೇಲೆ ನಿನಗೆ ತಲೆ ಸುತ್ತುತ್ತದೆ ಎಂದು ಶ್ರೀಕಾಂತ್ ಹೇಳಿದರು. ನೀನಾಗಿ ಯಾವುದನ್ನೂ ಬಾಯಿಬಿಡುವವಳಲ್ಲ, ಅದಕ್ಕೇ ನಿನ್ನ ಗಂಡನನ್ನೇ ಗೂಢಚಾರನನ್ನಾಗಿ ಇಟ್ಟುಕೊಂಡಿದ್ದೇನೆ. ಅವರ ಮೇಲೆ ರೇಗಬೇಡ. ಜೈ ಕಾಲೇಜಿನಿಂದ ವಾರಕ್ಕೊಮ್ಮೆಯಾದರೂ ಬರುತ್ತಾನೆ ತಾನೇ? ನಾವು ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಭಾವ ವಿಜಯ್ ಕುಮಾರ್ ಅವರಿಗೆ ಕಾರ್ಖಾನೆಯ ಕೆಲಸಕ್ಕಿಂತ ಹಿತ್ತಲಿನ ಅವರೆ ಬಳ್ಳಿಯದೇ ಚಿಂತೆ. ಮಂಜು ಬೀಳುವುದರೊಳಗೆ ಕಾಯಿ ಬಿಡುತ್ತದೋ ಇಲ್ಲವೋ ಎಂದು ದಿನಕ್ಕೆರಡು ಸಲ ಥರ್ಮಾಮೀಟರ್ ನೋಡುತ್ತಾರೆ.

ಫೋನ್ ಇರುವಾಗ ಅಕ್ಕನಿಗೆ ಪತ್ರದ ಚಪಲ ಯಾಕೆ ಬಂತು ಎಂದು ನಗುತ್ತಿರುತ್ತೀಯ. ಫೋನಿನಲ್ಲಿ ನಾನು ನಿನ್ನ ಕಾಯಿಲೆಯ ವಿಷಯ ತೆಗೆದರೆ ನೀನು ಸೊಪ್ಪಿನ ಸಾರಿನ ಕಡೆಗೋ ಜೈಯ ಪರೀಕ್ಷೆಯ ಕಡೆಗೋ ಮಾತು ತಿರುಗಿಸುತ್ತೀಯ. ಅದೂ ಅಲ್ಲದೆ ಡಯಾಲಿಸಿಸ್ ಕುರ್ಚಿಯಲ್ಲಿ ನಾಲ್ಕು ಗಂಟೆ ಕೂತಿರುವಾಗ ಓದಲು ಏನಾದರೂ ಬೇಕಲ್ಲ. ಒಂದು ಕೈ ಅಲ್ಲಾಡಿಸುವ ಹಾಗಿಲ್ಲ ಎಂದು ಗೊತ್ತು, ಅದಕ್ಕೇ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದಿದ್ದೇನೆ.

ಬಸಯ್ಯ ಮೇಷ್ಟ್ರ ಮನೆಯ ದೋಸೆ ನೆನಪಿದೆಯೇ? ಚಿತ್ರದುರ್ಗದಲ್ಲಿ ನಮ್ಮ ಬೀದಿಯ ಕೊನೆಯ ಮನೆ. ನಿನಗೆ ಏಳು, ನನಗೆ ಹನ್ನೆರಡು. ಅಮ್ಮ ಕೊಟ್ಟ ಪಾತ್ರೆಯನ್ನು ವಾಪಸು ಕೊಡಲು ಹೋದಾಗ ಮೇಷ್ಟ್ರು ದೋಸೆ ತಿನ್ನುತ್ತಾ ಕೂತಿದ್ದರು. "ತಿಂತೀರೇನ್ರಮ್ಮ?" ಎಂದರು. ನಾವಿಬ್ಬರೂ ಒಟ್ಟಿಗೆ "ಬೇಡ" ಎಂದೆವು. "ಬೇಡ್ವಾ? ಸರಿ" ಎಂದು ಅವರು ಉಳಿದದ್ದನ್ನೂ ತಿಂದು ಕೈ ತೊಳೆದರು. ನೀನು ದಾರಿಯುದ್ದಕ್ಕೂ ಅತ್ತೆ. ಅಮ್ಮನಿಗೆ ನಮಗಿಂತ ಹೆಚ್ಚು ಸಿಟ್ಟು ಬಂತು. ಮಕ್ಕಳನ್ನು ಇನ್ನೊಂದು ಸಲ ಕೇಳಬೇಕು ಅಂತಲೂ ತಿಳಿಯದ ಮನುಷ್ಯ ಎಂದು ವರ್ಷಗಟ್ಟಲೆ ಆಡಿಕೊಂಡಳು. ನಮ್ಮ ಮನೆಯಲ್ಲಿ ಕಾಫಿಗೆ ಮೊದಲ ಸಲವೇ ಹೂಂ ಎಂದವರನ್ನು ನಾನಂತೂ ನೋಡಿಲ್ಲ. ಎರಡು ಸಲ ಬೇಡ ಎನ್ನಬೇಕು, ಅಮ್ಮ ಮೂರನೆಯ ಸಲ ಕೇಳಬೇಕು, ಆಗ ಅರ್ಧ ಲೋಟ ಎನ್ನಬೇಕು, ಅಮ್ಮ ಪೂರ್ತಿ ಲೋಟ ತಂದಿಡಬೇಕು. ಇಷ್ಟು ಗೊತ್ತಿದ್ದ ನಾನು ಏನು ಮಾಡಿದೆ ಎನ್ನುವುದನ್ನೇ ಈಗ ಬರೆಯಬೇಕಾಗಿದೆ.

ಗಡಿ ಅಂದರೆ ಟೆಕ್ಸಸ್ ಕಡೆ ಅಲ್ಲವೇ, ಡೆಟ್ರಾಯಿಟ್‌ನಲ್ಲಿ ಎಂಥ ಗಡಿ ಎಂದು ನೀನು ಒಮ್ಮೆ ನನ್ನನ್ನು ಛೇಡಿಸಿದ್ದೆ. ನಾನು ಕೆಲಸ ಮಾಡುವ ಬಡಾವಣೆಯ ತುದಿಯಲ್ಲಿ ನದಿ, ನದಿಯಾಚೆ ಕೆನಡಾ. ಸೇತುವೆಯ ಮೇಲೆ ಲಾರಿಗಳ ಸಾಲು ಕರಗುವುದೇ ಇಲ್ಲ. ಅದರ ಆಸುಪಾಸಿನ ಬೀದಿಗಳಲ್ಲಿ ಮೆಕ್ಸಿಕೋ ಮೂಲದ ಕುಟುಂಬಗಳು ಎರಡು ಮೂರು ತಲೆಮಾರಿನಿಂದ ಬಾಳುತ್ತಿವೆ. ಗಡಿ ಕಾಯುವವರ ವಾಹನಗಳು ಅಂಗಡಿಯ ಮುಂದೆ, ಶಾಲೆಯ ಮುಂದೆ ಸುತ್ತುತ್ತಿರುತ್ತವೆ. ಕಾಗದಪತ್ರ ಸರಿಯಿದ್ದವರೂ ಕಿಟಕಿಯಿಂದ ಇಣುಕಿ ನೋಡಿಯೇ ಬಾಗಿಲು ತೆಗೆಯುತ್ತಾರೆ. ಅಲ್ಲಿನವರಲ್ಲಿ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಎಷ್ಟಿದೆ ಎಂದು ಮನೆಮನೆಗೆ ಹೋಗಿ ತಿಳಿಯುವುದು ನಮ್ಮ ಅಧ್ಯಯನ. ಬೆರಳ ತುದಿಯಿಂದ ಒಂದು ತೊಟ್ಟು ರಕ್ತ, ಸಣ್ಣ ಡಬ್ಬಿಯಲ್ಲಿ ಮೂತ್ರ, ಒಂದಿಷ್ಟು ಪ್ರಶ್ನೆ. ಏನು ಕೇಳಬೇಕು, ಹೇಗೆ ಕೇಳಬೇಕು ಎಂದು ಬಡಾವಣೆಯ ಹೆಂಗಸರೇ ನಮ್ಮ ಜೊತೆ ಕೂತು ತೀರ್ಮಾನಿಸಿದ್ದರು. ಒಮ್ಮೆ ಬೇಡ ಎಂದವರನ್ನು ನಾವು ಮತ್ತೆ ಕಾಡಬಾರದು ಎಂಬ ನಿಯಮವೂ ಇತ್ತು. ಹೆದರಿದವರ ಬಾಗಿಲು ಪದೇಪದೇ ಬಡಿಯಬಾರದಲ್ಲ, ಒಳ್ಳೆಯ ನಿಯಮವೇ. ಆದರೆ ಅನುಮಾನ ಬಂದರೆ ಕಾನ್ಸುಯೆಲೊಗೆ ತಿಳಿಸಬೇಕು ಎಂಬುದೂ ಅದೇ ನಿಯಮದ ಹಾಳೆಯಲ್ಲಿತ್ತು. ಅವಳು ಅಲ್ಲಿಯೇ ಹುಟ್ಟಿ ಬೆಳೆದವಳು, ನಮ್ಮ ಸಮಿತಿಯಲ್ಲಿರುವವಳು. ನೆರೆಯವಳಾಗಿ ಹೋಗಿ ಮಾತನಾಡಿಸಿ, ಬೇಡ ಎಂದದ್ದು ನಿಜವಾಗಿ ಬೇಡವೇ ಎಂದು ತಿಳಿದು ಬರುವುದು ಅವಳ ಕೆಲಸ.

ಹೋದ ವರ್ಷ ಜೂನ್‌ನಲ್ಲಿ ಒಂದು ಮಧ್ಯಾಹ್ನ ಒಫೇಲಿಯಾ ಎಂಬಾಕೆಯ ಮನೆಗೆ ಹೋಗಿದ್ದೆ. ಅರವತ್ತರ ಆಸುಪಾಸು. ಮುಂಜಗಲಿಯಲ್ಲಿ ಕೂತು ಕಾಳು ಆರಿಸುತ್ತಿದ್ದಳು. ಅಮ್ಮನ ಹಾಗೆಯೇ, ಮೊರದ ಬದಲು ತಟ್ಟೆ ಅಷ್ಟೆ. ಮೊದಲು ನನ್ನ ಬಳೆ ಹಿಡಿದು ನೋಡಿದಳು, ನನ್ನ ಸ್ಪ್ಯಾನಿಷ್ ಕೇಳಿ ನಕ್ಕಳು, ಆಮೇಲೆ ದಾಸವಾಳದ ಶರಬತ್ತು ಕೊಡಲಾ ಎಂದಳು. ಬೇಡ ಎಂದೆ. ಮತ್ತೆ ಕೇಳಿದಳು, ಬೇಡ ಎಂದೆ. ಮೂರನೆಯ ಸಲ ಕೇಳಲೂ ಇಲ್ಲ, ಒಳಗೆ ಹೋಗಿ ದೊಡ್ಡ ಲೋಟದಲ್ಲಿ ತಂದು ಕೈಗಿಟ್ಟಳು. ಕುಡಿದೆ, ಹಾಯೆನಿಸಿತು. ಲೋಟ ಕೆಳಗಿಟ್ಟು ಪರೀಕ್ಷೆಯ ವಿಷಯ ಹೇಳಿ, ಮಾಡಿಸಿಕೊಳ್ಳುತ್ತೀರಾ ಎಂದು ಕೇಳಿದೆ. ಬೇಡ ಬಿಡಿ, ನನಗೇನಾಗಿದೆ, ನಿಮಗ್ಯಾಕೆ ತೊಂದರೆ ಎಂದಳು. ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿದ್ದು ನನಗೆ ಕಾಣುತ್ತಿತ್ತು. ಆ "ಬೇಡ" ಎಂಥದ್ದು ಎಂದೂ ನನಗೆ ಗೊತ್ತಿತ್ತು ಸುಚೀ, ಅದರಲ್ಲೇ ಬೆಳೆದವಳು ನಾನು. ಆದರೆ ಇನ್ನೂ ಆರು ಮನೆ ಬಾಕಿ ಇದ್ದವು, ಬಿಸಿಲು ತೊಂಬತ್ತು ಫ್ಯಾರನ್‌ಹೀಟ್ ದಾಟಿತ್ತು. ನಿರಾಕರಿಸಿದರು ಎಂಬ ಚೌಕದಲ್ಲಿ ಗುರುತು ಹಾಕಿ ಎದ್ದೆ. ಕಾನ್ಸುಯೆಲೊಗೆ ಹೇಳಲೂ ಇಲ್ಲ.

ಹೋದ ತಿಂಗಳು ಚರ್ಚಿನ ಬೇಸ್‌ಮೆಂಟಿನಲ್ಲಿ ಸಭೆ ನಡೆಯಿತು. ಫಲಿತಾಂಶವನ್ನು ಎಲ್ಲಿಯಾದರೂ ಪ್ರಕಟಿಸುವ ಮೊದಲು ಬಡಾವಣೆಯವರಿಗೆ ಹೇಳಬೇಕು ಎಂದು ಮಾತಾಗಿತ್ತು. ನಾನೇ ಪರದೆಯ ಮುಂದೆ ನಿಂತು ಓದಿದೆ. ನಿರಾಕರಿಸಿದವರು ನಲವತ್ತೊಂದು ಮಂದಿ ಎಂದಾಗ ಕಾನ್ಸುಯೆಲೊ ಕೈಯೆತ್ತಿ, ಇವರಲ್ಲಿ ಎಷ್ಟು ಜನರ ವಿಷಯ ನನ್ನ ತನಕ ಬಂತು ಎಂದು ಕೇಳಿದಳು. ಒಂಬತ್ತು ಎಂದೆ. ಉಳಿದವರ ಹೆಸರು ಯಾಕೆ ಬರಲಿಲ್ಲ ಎಂದು ಅವಳು ಕೇಳುತ್ತಿರುವಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಒಫೇಲಿಯಾಳ ಮಗಳು. ಜೋರು ಮಾಡಲಿಲ್ಲ. ಈ ವರ್ಷದ ಜುಲೈನಲ್ಲಿ ಅಮ್ಮನನ್ನು ಎಮರ್ಜೆನ್ಸಿಗೆ ಕರೆದುಕೊಂಡು ಹೋದಾಗ ಎರಡೂ ಕಿಡ್ನಿ ಹೋಗಿದ್ದವು, ಹನ್ನೊಂದನೆಯ ದಿನ ತೀರಿಕೊಂಡಳು ಎಂದಳು. ಪರೀಕ್ಷೆ ಮಾಡಿಸಿಕೋ ಎಂದು ತಾನು ಎಷ್ಟು ಹೇಳಿದರೂ ಅಮ್ಮ ಒಂದೇ ಮಾತು ಹೇಳುತ್ತಿದ್ದಳಂತೆ. ಆ ಬಳೆ ಹಾಕಿಕೊಂಡ ಹೆಂಗಸು ಇನ್ನೊಮ್ಮೆ ಬರುತ್ತಾಳೆ, ಬಂದಾಗ ಮಾಡಿಸಿಕೊಳ್ಳುತ್ತೇನೆ, ಮೊದಲ ಸಲ ಕೇಳಿದ ಕೂಡಲೇ ಕೈ ಚಾಚಿದರೆ ಚೆನ್ನಾಗಿರುವುದಿಲ್ಲ ಎಂದು. ಮಗಳು ಕುಳಿತುಕೊಂಡಳು. ಪಕ್ಕದ ಮೇಜಿನಲ್ಲಿ ನಮಗೆಂದು ಊಟ ಜೋಡಿಸಿಟ್ಟಿದ್ದರು. ನನ್ನ ಕೈಗೂ ತಟ್ಟೆ ಕೊಟ್ಟರು.

ಅವಳು ನನ್ನನ್ನು ಬಿಡದೆ ಕೇಳಿ ಶರಬತ್ತು ಕುಡಿಸಿದಳು, ನಾನು ಅವಳನ್ನು ಒಂದೇ ಸಲ ಕೇಳಿದೆ. ಮರುದಿನ ಕಾನ್ಸುಯೆಲೊ ಮುಂದೆ ಕೂತು ಎಲ್ಲ ಹೇಳಿ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಒಳ್ಳೆಯದೇ ಆಯಿತು. ಉಳಿದ ಹೆಸರುಗಳ ಪಟ್ಟಿ ತೆಗೆಸಿಕೊಂಡು ತಾನೇ ಒಂದೊಂದೇ ಮನೆಗೆ ಹೋಗುತ್ತಿದ್ದಾಳೆ. ಇದುವರೆಗೆ ಹದಿನಾಲ್ಕು ಜನ ಒಪ್ಪಿದ್ದಾರೆ. ಕೇಳಿ ಸಂತೋಷವಾಗುತ್ತದೆ, ಹಿಂದೆಯೇ ಒಫೇಲಿಯಾಳ ಪಾದ ಕಣ್ಣಿಗೆ ಬರುತ್ತದೆ. ಆಕೆಯ ದಾಕ್ಷಿಣ್ಯದ ಭಾಷೆ ನನಗೂ ಬರುತ್ತಿತ್ತು, ನಾನು ಹಿಡಿದುಕೊಂಡದ್ದು ಮಾತ್ರ ಕೈಯಲ್ಲಿದ್ದ ಹಾಳೆಯನ್ನು. ಈ ತಪ್ಪಿಗೆ ಯಾರ ಹತ್ತಿರ ಕ್ಷಮೆ ಕೇಳಬೇಕೋ ಅವಳೇ ಇಲ್ಲ.

ಗಣೇಶನ ಹಬ್ಬದ ಭಾನುವಾರ ನಿಮ್ಮೂರ ಹತ್ತಿರದ ಲೆಮಾಂಟ್ ದೇವಸ್ಥಾನದಲ್ಲಿ ನಾವಿಬ್ಬರೂ ಊಟಕ್ಕೆ ಕೂತದ್ದೂ ಆಗಿನಿಂದ ನೆನಪಾಗುತ್ತಲೇ ಇದೆ. ನೀನು ಸಾರಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ನೀರನ್ನು ಚಮಚದಲ್ಲಿ ಕುಡಿದಂತೆ ಕುಡಿಯುತ್ತಿದ್ದೆ. ನಾನು ಟೆಸ್ಟ್ ಮಾಡಿಸಲಾ ಸುಚೀ, ಹೊಂದಿದರೆ ನನ್ನದೊಂದು ಕಿಡ್ನಿ ಕೊಡುತ್ತೇನೆ ಎಂದೆ. ನೀನು ತಲೆ ಎತ್ತದೆ "ಬೇಡಕ್ಕ, ನಿಂಗ್ಯಾಕೆ ತೊಂದ್ರೆ" ಎಂದೆ. ನಾನು ಸರಿ ಎಂದೆ. ನಿನ್ನ ಹತ್ತಿರ ಮುಚ್ಚಿಡುವುದೇನಿದೆ, ಆಗ ನನಗೆ ಮನಸ್ಸು ಹಗುರವಾಯಿತು. ಕೇಳಿದ್ದೇನೆ, ಬೇಡ ಎಂದಳು, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡು ವಾಪಸು ಡ್ರೈವ್ ಮಾಡುವಾಗ ಹಾಡು ಬೇರೆ ಕೇಳಿದೆ. ಆಪರೇಷನ್ ಎಂದರೆ ನನಗೆ ಭಯ ಎಂದು ನಿನಗೆ ಗೊತ್ತು. ಅದನ್ನು ನೋಡಿಯೇ ನೀನು ಬೇಡ ಎಂದಿರಬೇಕು. ಒಡಹುಟ್ಟಿದವಳಿಗೇ ನಾನು ಬಸಯ್ಯ ಮೇಷ್ಟ್ರಾದೆ.

ನಿನ್ನ ಭಾವ ಅವರೆ ಬಳ್ಳಿಯ ಪಕ್ಕದಿಂದ ಕೂಗುತ್ತಿದ್ದಾರೆ, ಕಾಯಿ ಬಿಟ್ಟಿದೆಯಂತೆ. ಇಲ್ಲಿಗೆ ನಿಲ್ಲಿಸುತ್ತೇನೆ. ಶ್ರೀಕಾಂತ್ ಅವರಿಗೆ ನಮ್ಮಿಬ್ಬರ ನಮಸ್ಕಾರ, ಜೈಗೆ ಆಶೀರ್ವಾದ. ಅವನು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಚಿಂತೆಯಿಲ್ಲ, ದೊಡ್ಡಮ್ಮನಿಗೆ ಒಮ್ಮೆ ಫೋನ್ ಮಾಡಲಿ. ನೀನು ನೂರು ಕಾಲ ಇರಬೇಕು.

ನಿನ್ನ ಅಕ್ಕ,
ರೇಣು

ಮರೆತಿದ್ದೆ: ಹೋದ ಸೋಮವಾರ ನಿನ್ನ ಆಸ್ಪತ್ರೆಗೆ ಫೋನ್ ಮಾಡಿ, ಕಿಡ್ನಿ ಕೊಡುವವಳು ಎಂದು ನನ್ನ ಹೆಸರು ಬರೆಸಿದೆ. ನಿನ್ನ ಭಾವನಿಗೂ ಹೇಳಿದ್ದೇನೆ, ಮರುದಿನ ತಾವೇ ರಜೆ ಅಪ್ಲೈ ಮಾಡಿದರು. ಮೊದಲ ಪರೀಕ್ಷೆ ಇಪ್ಪತ್ತಮೂರಕ್ಕೆ. ಭಯ ಇನ್ನೂ ಇದೆ, ಇದ್ದರೆ ಇರಲಿ. ನನ್ನ ಕಿಡ್ನಿ ತೆಗೆದುಕೊಳ್ಳುತ್ತೀಯಾ ಸುಚೀ? ಇದು ಎರಡನೆಯ ಸಲ ಕೇಳುತ್ತಿರುವುದು. ನೀನು ಬೇಡ ಎನ್ನುತ್ತೀಯ, ಗೊತ್ತು. ಇಪ್ಪತ್ತೆರಡರ ಸಂಜೆ ನಿನ್ನ ಮನೆಯಲ್ಲೇ ಕೂತು ಮೂರನೆಯ ಸಲ ಕೇಳುತ್ತೇನೆ. ಆಗ ಏನು ಹೇಳುತ್ತೀಯೋ ಅದನ್ನು ನಂಬುತ್ತೇನೆ.